ರಸ್ತೆ ಅಗಲೀಕರಣ: ಟಿಡಿಆರ್ (ಬಿಟ್ಟುಕೊಟ್ಟ ಜಾಗಕ್ಕೆ ದುಡ್ಡಿನ ಬದಲು ಸಿಗುವ, ಮಾರಬಹುದಾದ ಕಟ್ಟಡ ಹಕ್ಕು) ತಗೊಳ್ಳೋದಾ, ದುಡ್ಡು ಕೇಳೋದಾ, ಆಕ್ಷೇಪಣೆ ಹಾಕೋದಾ? ಅನುಭವ ಇದ್ದವರು ಹೇಳಿ

ಪೂರ್ವಬಾಗಿಲು:
ನಮ್ಮ ಊರಿನ ಕರಡು ಮಾಸ್ಟರ್ ಪ್ಲಾನ್ ಬಂದಿದೆ. ರಸ್ತೆ ಈಗ 40 ಅಡಿ, ಪ್ಲಾನಿನಲ್ಲಿ 60. ನಮ್ಮದು 30x50 ಸೈಟು. ಮುಂದಿನಿಂದ 10 ಅಡಿ ಹೋಗುತ್ತದೆ ಅಂತ ಲೆಕ್ಕ, ಅಂದರೆ ಅರ್ಧ ಹಜಾರ. ಅದೇ ನಕ್ಷೆಯಲ್ಲಿ ನಮ್ಮ ಬೀದಿ ಹಳದಿಯಿಂದ ನೀಲಿಗೆ, ಅಂದರೆ ವಸತಿಯಿಂದ ವಾಣಿಜ್ಯಕ್ಕೆ ತಿರುಗಿದೆ, ಹಾಗಾಗಿ ಅಕ್ಕಪಕ್ಕದವರಿಗೆ ಖುಷಿಯೋ ಖುಷಿ. ಆಕ್ಷೇಪಣೆಗೆ 60 ದಿನ ಇತ್ತು. ನನಗೆ ಗೊತ್ತಾಗಿದ್ದು 51ನೇ ದಿನ. ಮನೆ ಅಮ್ಮನ ಹೆಸರಿನಲ್ಲಿದೆ, ಅವರಿಗೆ 78 ವರ್ಷ. ಮನೆ ಮೇಲೆ ಇನ್ನೂ ಸಾಲ ಇದೆ. ಏನು ಮಾಡಲಿ?

ತುಂಡುಮನೆ:
ಟಿಡಿಆರ್ ಅನ್ನೋ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. 2009ರಲ್ಲಿ ನಮ್ಮ 30x40ರಲ್ಲಿ 8 ಅಡಿ ಕೊಟ್ಟೆವು. 240 ಚದರಡಿ. ಆಗ ಒಂದೂವರೆ ಪಟ್ಟು ಕೊಡುತ್ತಿದ್ದರು, ಹಾಗಾಗಿ 360 ಅಡಿಯ ಡಿಆರ್‌ಸಿ, ಅಂದರೆ ಆ ಹಕ್ಕಿನ ಪ್ರಮಾಣಪತ್ರ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಖರ್ಚು ಕೇಳಿ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ನಾವೇ ಒಡೆಸಿದ್ದಕ್ಕೆ 38,000. ಪೋರ್ಟಿಕೋದ ಎರಡು ಕಂಬ ಹೋದವು, ಹೊಸ ಬೀಮು ಕೊಟ್ಟು ಮುಂಭಾಗ ಕಟ್ಟಿಸಿದ್ದಕ್ಕೆ 1,12,000. ಸಂಪು ಅಲ್ಲೇ ಮುಂದೆ ಇತ್ತು! ಅದು ಯಾರಿಗೂ ನೆನಪೇ ಇರುವುದಿಲ್ಲ. ಹೊಸ ಸಂಪಿಗೆ 64,000. ಗೇಟು 22,000. ನೀರಿನ ಲೈನು 9,500. ಕರೆಂಟ್ ಮೀಟರ್ ಜಾಗ ಬದಲಿಸಲು 7,200. ಬಣ್ಣ 41,000. ಇಸಿ, ವಂಶವೃಕ್ಷ, ನೋಟರಿ, ಜೆರಾಕ್ಸ್ ಸೇರಿ 3,400. ಒಟ್ಟು 2,97,100.

ಡಿಆರ್‌ಸಿ ಕೈಗೆ ಬರಲು 3 ವರ್ಷ 4 ತಿಂಗಳು. ಅಷ್ಟರಲ್ಲಿ ಫೈಲಿನಲ್ಲಿ ನಮ್ಮ ಖಾತಾ ನಂಬರಿನ ಒಂದು ಅಂಕಿ ತಪ್ಪಾಗಿ, ಅದನ್ನು ತಿದ್ದಿಸಲೇ ಏಳು ತಿಂಗಳು ಹೋಯಿತು. ಕೊನೆಗೆ ಬಿಲ್ಡರ್ ಒಬ್ಬರು ಅಡಿಗೆ 450ರಂತೆ ತಗೊಂಡರು. 1,62,000. ದಲ್ಲಾಳಿಗೆ 3,240. ಕೈಯಿಂದ ಹೋದದ್ದು 1,38,340 ರೂಪಾಯಿ. ಜಾಗ ಕೊಟ್ಟು ಮೇಲೆ ದುಡ್ಡೂ ಕೊಟ್ಟವನು ನಾನೇ ಇರಬೇಕು.

ಶಟರ್ ಭಾಗ್ಯ:
ಯಜಮಾನ್ರೇ, ನಿಮ್ಮ ಬೀದಿ ನೀಲಿ ಆಗಿತ್ತಾ? ಇಲ್ಲ ಅಲ್ವಾ? ಹಾಗಾದರೆ ಹೋಲಿಕೆ ಮಾಡಬೇಡಿ. ನಾವು 40x60ರಲ್ಲಿ 5 ಅಡಿ ಬಿಟ್ಟುಕೊಟ್ಟೆವು. ಒಂದು ಮಾತೂ ಆಡಲಿಲ್ಲ. ಸಭೆಗೂ ಹೋಗಲಿಲ್ಲ. ಮುಂದಿನ ಎರಡು ರೂಮು ಒಡೆದು 10x14ರ ಎರಡು ಅಂಗಡಿ ಮಾಡಿದೆ. ತಲಾ 18,000 ಬಾಡಿಗೆ, ತಲಾ 2 ಲಕ್ಷ ಅಡ್ವಾನ್ಸು. ಅಗಲೀಕರಣ ಅಂದರೆ ಅಳುವವರು ಅಳುತ್ತಾರೆ, ಶಟರ್ ಎತ್ತುವವರು ಎತ್ತುತ್ತಾರೆ.

ತುಂಡುಮನೆ:
ಶಟರ್ ಎತ್ತಲು ನಮ್ಮಲ್ಲಿ ಉಳಿದದ್ದು 32 ಅಡಿ ಆಳದ ಮನೆ ಸ್ವಾಮಿ. ನಿಮ್ಮದು 55. ಲೆಕ್ಕ ನೀವೇ ಮಾಡಿಕೊಳ್ಳಿ.

ಗೆದ್ದು ಸೋತವನು:
ನಾನು ಕೋರ್ಟಿಗೆ ಹೋದವನು. ಟಿಸಿಪಿ (ನಗರ ಮತ್ತು ಗ್ರಾಮಾಂತರ ಯೋಜನೆ) ಕಾಯ್ದೆಯ 69ನೇ ಸೆಕ್ಷನ್ ಹಿಡಿದು. ಪ್ಲಾನಿನಲ್ಲಿ ರಸ್ತೆ ಅಂತ ಗುರುತು ಹಾಕಿ ಐದು ವರ್ಷದೊಳಗೆ ಸ್ವಾಧೀನ ಶುರು ಮಾಡದಿದ್ದರೆ ಗುರುತು ಬಿದ್ದುಹೋಗುತ್ತದೆ ಅನ್ನುವುದು ನಮ್ಮ ವಾದ. 2013ರಲ್ಲಿ ರಿಟ್ ಹಾಕಿದೆವು, ನಾಲ್ಕು ಮನೆಯವರು ಸೇರಿ. ವಕೀಲರಿಗೆ ಮೊದಲು 85,000, ಆಮೇಲೆ 40,000, ಆಮೇಲೆ ‘ಸೀನಿಯರ್ ಬಂದು ಹತ್ತು ನಿಮಿಷ ನಿಂತರೆ ಸಾಕು’ ಅಂತ ಇನ್ನೊಂದು 60,000. ಸೀನಿಯರ್ ನಿಂತದ್ದು ನಾಲ್ಕು ನಿಮಿಷ. ನಾಲ್ವರಲ್ಲಿ ಒಬ್ಬರು ಮಧ್ಯದಲ್ಲಿ ಮನೆ ಮಾರಿ ಹೊರಟರು, ಅವರ ಪಾಲೂ ನಮ್ಮ ತಲೆಗೇ ಬಂತು.

2019ರಲ್ಲಿ ಗೆದ್ದೆವು. ಗುರುತು ರದ್ದು. ಬೀದಿಗೆಲ್ಲ ಮೈಸೂರುಪಾಕು ಹಂಚಿದೆ.

ಆಮೇಲೆ ಪ್ಲಾನ್ ಪರಿಷ್ಕರಣೆ ಬಂತು. ಹತ್ತು ವರ್ಷಕ್ಕೊಮ್ಮೆ ಮಾಡಲೇಬೇಕಲ್ಲ. ಹೊಸ ಕರಡಿನಲ್ಲಿ ಅದೇ ಗೆರೆ. ಅದೇ ಅಲ್ಲ, ಒಂದೂವರೆ ಅಡಿ ಇನ್ನೂ ಒಳಗೆ. ಈಗ ಮತ್ತೆ ಸೊನ್ನೆಯಿಂದ ಎಣಿಸಬೇಕು.

ಸೆಟ್‌ಸ್ಕ್ವೇರ್:
ನಾನು ನಗರ ಯೋಜನೆ ಶಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವನು, ಈಗ ನಿವೃತ್ತ. ಎಲ್ಲರೂ ಕಚೇರಿಯನ್ನೇ ಬಯ್ಯುತ್ತೀರಿ. ಕರಡು ಬಂದಾಗ ಎಷ್ಟು ಜನ ಬಂದು ನಕ್ಷೆ ನೋಡಿದ್ದೀರಿ? ನನ್ನ ಕಾಲದಲ್ಲಿ ಒಂದು ಕರಡನ್ನು ಎರಡು ತಿಂಗಳು ಗೋಡೆಗೆ ಹಚ್ಚಿದ್ದೆವು. ನೋಡಲು ಬಂದವರಲ್ಲಿ ಅರ್ಧ ಜನ ದಲ್ಲಾಳಿಗಳು.

ಇನ್ನೊಂದು ಮಾತು. 1:10,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 10 ಮೀಟರ್. ಗೆರೆಯ ದಪ್ಪದಲ್ಲೇ ಒಂದು ಹಜಾರ ಮುಳುಗುತ್ತದೆ. ಅದನ್ನು ನೋಡಿ ‘10 ಅಡಿ ಹೋಗುತ್ತದೆ’ ಅಂತ ಅಳುವುದು ಬೇಡ. ರಸ್ತೆಯ ಗೆರೆ ಸರಿಯಾಗಿ ಎಲ್ಲಿ ಹೋಗುತ್ತದೆ ಅಂತ ತೋರಿಸುವ ಅಲೈನ್‌ಮೆಂಟ್ ನಕ್ಷೆ ಕೇಳಬೇಕು. ರಸ್ತೆಯ ಮಧ್ಯರೇಖೆ ಎಲ್ಲಿಂದ ಹಿಡಿದಿದ್ದಾರೆ ಅಂತ ಕೇಳಬೇಕು. ಆರ್‌ಟಿಐಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಆದರೆ ಉತ್ತರಕ್ಕೆ 30 ದಿನ ಹಿಡಿಯುತ್ತದೆ, ಹಾಗಾಗಿ ಈಗ ಕಚೇರಿಗೇ ಹೋಗಿ.

ಗೆದ್ದು ಸೋತವನು:
ಮಧ್ಯರೇಖೆ ಕೇಳಿದೆವು ಸಾರ್! ನಮಗೆ ಸಿಕ್ಕ ಉತ್ತರ ‘ಕಡತ ಲಭ್ಯವಿಲ್ಲ’. ನಿಮ್ಮಂಥವರೇ ಬರೆದದ್ದು.

ಸೆಟ್‌ಸ್ಕ್ವೇರ್:
ನನ್ನಂಥವರು ಅಂದರೆ? ನಾನು 31 ವರ್ಷ ಒಂದು ನಕ್ಷೆ ಕಳೆದವನಲ್ಲ. ಮಾತು ಹಿಡಿತದಲ್ಲಿರಲಿ.

ಬಸ್‌ಪಾಸ್:
ಇಷ್ಟೆಲ್ಲ ಹೇಳಿದಿರಿ, ರಸ್ತೆ ಯಾಕೆ ಅಗಲ ಆಗಬೇಕು ಅಂತ ಒಬ್ಬರಾದರೂ ಕೇಳಿದಿರಾ? ನಮ್ಮ ಏರಿಯಾದಲ್ಲಿ 30 ಅಡಿ ರಸ್ತೆ 50 ಮಾಡಿದರು. ಈಗ ಎರಡೂ ಬದಿ ಕಾರು ನಿಲ್ಲಿಸುತ್ತಾರೆ. ಓಡಾಡಲು ಉಳಿದದ್ದು ಮತ್ತೆ ಅದೇ 30. ಫುಟ್‌ಪಾತ್ ನಾಲ್ಕು ಅಡಿ ಇತ್ತು, ಎರಡಕ್ಕೆ ಇಳಿಯಿತು, ಅದರ ಮೇಲೆ ಟ್ರಾನ್ಸ್‌ಫಾರ್ಮರ್. ನಾನು ಎರಡು ವರ್ಷ ವಾರ್ಡ್ ಸಮಿತಿಯಲ್ಲಿದ್ದೆ. ತಿಂಗಳಿಗೊಂದು ಸಭೆ ಅಂತ ನಿಯಮ. ನಾನು ಇದ್ದ ಎರಡು ವರ್ಷದಲ್ಲಿ ಒಂಬತ್ತು ಸಭೆ ನಡೆದವು. ಅದರಲ್ಲಿ ಆರು ಸಭೆಗೆ ಕೋರಂ ಇಲ್ಲ. ಬಸ್ ನಿಲ್ದಾಣ ಎಲ್ಲಿ ಇರಬೇಕು ಅಂತ ಕೇಳಿದರೆ, ಅದು ನಮ್ಮ ಕೈಯಲ್ಲಿಲ್ಲ ಅಂದರು. ರಸ್ತೆ ಅಗಲ? ಅದೂ ಇಲ್ಲ. ಹಾಗಾದರೆ ಸಮಿತಿಯ ಕೈಯಲ್ಲಿ ಏನಿದೆ ಅಂದೆ. ಕಸದ ಡಬ್ಬ, ಅಂದರು.

ಜನ ಗಟ್ಟಿಯಾಗಿ ನಿಂತರೆ ಬದಲಾಗುವುದಿಲ್ಲ ಅಂತಲ್ಲ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ ಸ್ಟೀಲ್ ಮೇಲ್ಸೇತುವೆ ಅಂದಾಗ ಬೆಂಗಳೂರಿನವರು ಬೀದಿಗೆ ಇಳಿದರು, 2017ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ಶಟರ್ ಭಾಗ್ಯ:
ಬಂತು ನೋಡಿ ಬಸ್ಸಿನ ಭಾಷಣ. ರಸ್ತೆ ಬೇಡ, ಸೇತುವೆ ಬೇಡ, ಊರು ಬೆಳೆಯುವುದು ಹೇಗೆ? ನಿಮ್ಮಂಥವರು ಬರಿಗೈಯಲ್ಲಿ ಓಡಾಡುತ್ತೀರಿ. ಅಂಗಡಿಗೆ ಮಾಲು ಇಳಿಸಲು ಟೆಂಪೋ ಎಲ್ಲಿ ನಿಲ್ಲಬೇಕು?

ಬಸ್‌ಪಾಸ್:
ನಿಮ್ಮ ಹಳೆಯ ಪೋಸ್ಟ್ ನೆನಪಿದೆ ಸಾರ್. ‘ಒಂದು ಶಟರ್ 11 ತಿಂಗಳಿಂದ ಖಾಲಿ, ಬಾಡಿಗೆಗೆ ಯಾರಾದರೂ ಇದ್ದರೆ ತಿಳಿಸಿ’ ಅಂತ ನೀವೇ ಬರೆದದ್ದು. ಗಿರಾಕಿ ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂತ ಕಾರಣವನ್ನೂ ಬರೆದಿದ್ದಿರಿ.

ಶಟರ್ ಭಾಗ್ಯ:
ಅದು ಬೇರೆ ವಿಷಯ. ಮೇಲಿನ ಮನೆಯ ಬಾಡಿಗೆಯವರು ಗಲಾಟೆ ಅಂತ ಬಿಟ್ಟು ಹೋದರು, ಆಸ್ತಿ ತೆರಿಗೆ ಜಾಸ್ತಿ ಆಯಿತು, ಕರೆಂಟ್ ದರವೂ ವಾಣಿಜ್ಯಕ್ಕೆ ಹೋಯಿತು, ಎಲ್ಲ ನಿಜ. ಆದರೂ ಆಸ್ತಿಯ ಬೆಲೆ ಏರಿದೆ. ಮಾರಿದರೆ ಗೊತ್ತಾಗುತ್ತದೆ.

ತುಂಡುಮನೆ:
ಮಾರುತ್ತೀರಾ?

ಶಟರ್ ಭಾಗ್ಯ:
ಯಾಕೆ ಮಾರಬೇಕು?

ಮೂಲೆಸೈಟ್ ಅಕ್ಕ:
ದುಡ್ಡು ಕೇಳಿದ್ದು ನಾನು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆ, ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ (ಹೆಚ್ಚುವರಿ ಪರಿಹಾರ) ಅಂತ ಇದೆ. ಅದನ್ನೇ ಬರೆದು ಕೊಟ್ಟೆ. ‘ಮೇಡಂ, ಎಲ್ಲರೂ ಟಿಡಿಆರ್‌ಗೆ ಸಹಿ ಹಾಕಿದ್ದಾರೆ, ನೀವೊಬ್ಬರೇ’ ಅಂದರು. ಪಕ್ಕದ ಮನೆಯವರನ್ನು ಕೇಳಿದರೆ, ಅವರಿಗೂ ಅದೇ ಮಾತು ಹೇಳಿದ್ದರಂತೆ! ಯಾರೂ ಸಹಿ ಹಾಕಿರಲಿಲ್ಲ. ಆ ಒಂದು ಮಾತಿಗಾದರೂ ಬೀದಿಯವರೆಲ್ಲ ಒಟ್ಟಿಗೆ ಕೂತು ಚಹಾ ಕುಡಿಯಬೇಕು.

ಆರು ವರ್ಷ ಆಯಿತು. ದುಡ್ಡು ಬಂದಿಲ್ಲ, ರಸ್ತೆಯೂ ಅಗಲ ಆಗಿಲ್ಲ. ಕಾಂಪೌಂಡಿನ ಮೇಲೆ ಕೆಂಪು ಬಣ್ಣದ ಬಾಣದ ಗುರುತು ಹಾಗೇ ಇದೆ. ಮಗಳ ಮದುವೆಗೆ ಮನೆಗೆ ಬಣ್ಣ ಹೊಡೆಸಿದಾಗ ಆ ಗುರುತಿನ ಮೇಲೆ ಹೊಡೆಯಬೇಕೋ ಬೇಡವೋ ಅಂತ ಪೇಂಟರ್ ಕೇಳಿದ. ಹೊಡಿ ಅಂದೆ. ಮಾರನೇ ವಾರ ಬಂದು ಮತ್ತೆ ಬರೆದು ಹೋದರು. ಬಾಣ ಬರೆಯಲು ಮಾತ್ರ ಎಷ್ಟು ಚುರುಕು!

ಬೆಂಗಳೂರಿನ ಅರಮನೆ ಮೈದಾನದ ಲೆಕ್ಕ ಪೇಪರಿನಲ್ಲಿ ಓದಿದಿರಲ್ವಾ? ರಸ್ತೆ ಅಗಲೀಕರಣಕ್ಕೆ ಬೇಕಾದ 15 ಎಕರೆ ಚಿಲ್ಲರೆ ಜಾಗಕ್ಕೆ ರಾಜಮನೆತನದವರಿಗೆ ಸುಮಾರು 3,000 ಕೋಟಿಯ ಟಿಡಿಆರ್ ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ಕೊಡುವುದಾದರೆ ಆ ರಸ್ತೆಯೇ ಬೇಡ ಅಂತ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಅಂಥವರ ಜೊತೆಗೇ ಇಷ್ಟು ಜಗ್ಗಾಟ. ನನ್ನ 90 ಅಡಿಗೆ ಯಾರು ಸುಗ್ರೀವಾಜ್ಞೆ ತರುತ್ತಾರೆ?

ಗೆದ್ದು ಸೋತವನು:
ಅಕ್ಕಾ, ಟಿಡಿಆರ್‌ಗೆ ಸಹಿ ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು. ರಿಟ್ ಹಾಕಿ.

ಮೂಲೆಸೈಟ್ ಅಕ್ಕ:
ಹಾಕಿ ಗೆದ್ದು ನಿಮ್ಮ ಹಾಗೆ ಒಂದೂವರೆ ಅಡಿ ಜಾಸ್ತಿ ಕೊಡಲಾ?

ಸೆಟ್‌ಸ್ಕ್ವೇರ್:
ಹೊಸಬರಿಗೆ ಒಂದು ಮಾತು, ಆಮೇಲೆ ನಾನು ಬರೆಯುವುದಿಲ್ಲ. ಪ್ಲಾನಿನ ಕರಡಿಗೆ 60 ದಿನ. ಪ್ಲಾನ್ ಜಾರಿಗೆ ಬಂದ ಮೇಲೆ ಅದೇ ಟಿಸಿಪಿ ಕಾಯ್ದೆಯ 14ಎ ಸೆಕ್ಷನ್ ಪ್ರಕಾರ ಯಾರಾದರೂ ಭೂಬಳಕೆ ಬದಲಾವಣೆ ತಂದರೆ ಪೇಪರಿನಲ್ಲಿ ಪ್ರಕಟಣೆ, ಕನಿಷ್ಠ 15 ದಿನ. ಎರಡೂ ಬೇರೆ. ಒಳಪುಟದ ಮೂಲೆಯಲ್ಲಿ ಬರುತ್ತದೆ, ಕನ್ನಡಕ ಹಾಕಿ ಓದಿ. ನಮ್ಮ ಮಾವನವರ ಮನೆಯ ಹಿಂದೆ ಗೋಡೌನ್ ಬಂದದ್ದು ಹಾಗೇ. ಮನೆಯಲ್ಲೇ ನಕ್ಷೆ ಬರೆಯುವವನಿದ್ದೂ ನೋಡಲಿಲ್ಲ ಅಂತ ಮಾವ ಕೊನೆಯವರೆಗೂ ಆಡಿಕೊಂಡರು. ಅದೇ ಪುಟದಲ್ಲಿ ಪದಬಂಧ ಇತ್ತು, ಅದನ್ನು ಮಾತ್ರ ನಾನು ತುಂಬಿಸಿದ್ದೆ.

ಬಸ್‌ಪಾಸ್:
ಔಟರ್ ರಿಂಗ್ ರೋಡಿನಲ್ಲಿ 2019ರಲ್ಲಿ ಬಸ್ಸಿಗೇ ಅಂತ ಒಂದು ಪಟ್ಟಿ ಬಿಟ್ಟಿದ್ದರು. ಅಂಥದ್ದನ್ನು 60 ಅಡಿ ರಸ್ತೆಯಲ್ಲಿ ಕೇಳಿ ಅಂತ ಆಕ್ಷೇಪಣೆಯಲ್ಲಿ ಬರೆಯಿರಿ. ಬರೀ ‘ನನ್ನ ಮನೆ’ ಅಂದರೆ ಸಮಿತಿಯಲ್ಲಿ ಯಾರೂ ಕೇಳುವುದಿಲ್ಲ.

ಶಟರ್ ಭಾಗ್ಯ:
ಬಸ್ಸಿಗೆ ಪಟ್ಟಿ, ಸೈಕಲ್ಲಿಗೆ ಪಟ್ಟಿ, ಹಸುವಿಗೂ ಒಂದು ಪಟ್ಟಿ ಬಿಡಿ.

ಮೂಲೆಸೈಟ್ ಅಕ್ಕ:
ನಮ್ಮ ಬೀದಿಯಲ್ಲಿ ಹಸುವಿಗೆ ಈಗಲೇ ಇದೆ. ಬಸ್ಸಿಗೇ ಇಲ್ಲ.

ಪೂರ್ವಬಾಗಿಲು:
ಎಲ್ಲರಿಗೂ ನಮಸ್ಕಾರ. ಆಕ್ಷೇಪಣೆ ಕೊಟ್ಟೆ, 57ನೇ ದಿನ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು ಹಾಕಿಸಿಕೊಂಡೆ. ಬ್ಯಾಂಕಿಗೂ ಹೋಗಿದ್ದೆ. ಸಾಲ ತೀರುವವರೆಗೆ ಅವರ ಎನ್‌ಒಸಿ ಇಲ್ಲದೆ ಯಾವುದಕ್ಕೂ ಸಹಿ ಹಾಕಬೇಡಿ ಅಂದರು. ಅಮ್ಮನೂ ಕಚೇರಿಗೆ ಬಂದಿದ್ದರು, ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು.

ಸೆಟ್‌ಸ್ಕ್ವೇರ್ ಸಾರ್ ಹೇಳಿದ ಹಾಗೆ ಅಲೈನ್‌ಮೆಂಟ್ ನಕ್ಷೆ ಕೇಳಿದೆ. ಕೊಡಲಿಲ್ಲ, ತೋರಿಸಿದರು. ಸ್ಕೇಲು ನನ್ನ ಹತ್ತಿರ ಇತ್ತು. ಎರಡೂ ಬದಿ 10 ಅಡಿ ಅಂದುಕೊಂಡಿದ್ದೆ. ಎದುರು ಬದಿಯಲ್ಲಿ 7, ನಮ್ಮ ಬದಿಯಲ್ಲಿ 13.

ತುಂಡುಮನೆ:
ಸಂಪು ಎಲ್ಲಿದೆ ನಿಮ್ಮದು?

ಸೆಟ್‌ಸ್ಕ್ವೇರ್:
ಸಂಪು ಆಮೇಲೆ. ಎದುರು ಬದಿಯಲ್ಲಿ ಯಾರ ಮನೆ ಇದೆ, ಅದನ್ನು ಹೇಳಿ.