ವ್ಯಕ್ತಿತ್ವ ವಿಕಸನದ ಪುಸ್ತಕ ಓದಿದರೆ ಅದು ಓದಲ್ವಾ?

ಮಂಜುನಾಥ, ಮಾಲೂರು: ಕೋಲಾರದ ಒಂದು ಪುಸ್ತಕದಂಗಡಿಗೆ ಹೋಗಿದ್ದೆ. ಮುಂದಿನ ಸಾಲಿನಲ್ಲೆಲ್ಲ ದುಡ್ಡು ಮಾಡುವುದು ಹೇಗೆ, ಬೆಳಗ್ಗೆ ಬೇಗ ಏಳುವುದು ಹೇಗೆ ಅನ್ನುವ ಪುಸ್ತಕಗಳೇ. ಮಾಸ್ತಿ ಕೇಳಿದರೆ ಒಳಗೆ ಹೋಗಿ ಹುಡುಕಿ ತಂದರು. ಮಾಸ್ತಿ ನಮ್ಮ ತಾಲ್ಲೂಕಿನವರು, 1983ರ ಜ್ಞಾನಪೀಠ ಅವರದ್ದು. ಈ ವಿಕಸನದ ಪುಸ್ತಕ ಒಂದು ಓದಿದರೆ ಎಲ್ಲ ಓದಿದ ಹಾಗೆ. ಗುರಿ ಇಟ್ಟುಕೊಳ್ಳಿ, ಬರೆದಿಡಿ, ನಂಬಿ. ಇದನ್ನು ಓದು ಅಂತ ನಾನು ಒಪ್ಪಲ್ಲ.

ರೇಣುಕಾ, ಬಂಗಾರಪೇಟೆ: ಒಪ್ಪಲ್ಲ ಅನ್ನೋಕೆ ನೀವ್ಯಾರು ಸರ್? ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವಳು. ಸೀಟು ಸಿಗದಿದ್ದರೆ ನಿಂತುಕೊಂಡೇ ನಾಲ್ಕು ಪುಟ ಓದುತ್ತೇನೆ. ಚಿಕ್ಕ ಸಾಲ ಮೊದಲು ತೀರಿಸಿ ಅಂತ ಒಂದು ಪುಸ್ತಕದಲ್ಲಿತ್ತು. ಸಂಘದ ಸಾಲ, ಚೀಟಿ ದುಡ್ಡು, ಗಿರವಿ, ಎಲ್ಲ ಒಂದು ಹಾಳೆಯಲ್ಲಿ ಬರೆದು ಒಂದೊಂದಾಗಿ ಹೊಡೆದು ಹಾಕಿದೆ. ಗಿರವಿ ಇಟ್ಟಿದ್ದ ಓಲೆ ಬಿಡಿಸಿಕೊಂಡೆ. ಕಾದಂಬರಿ ಓದಿದ್ದರೆ ಬರುತ್ತಿತ್ತಾ?

ಮಂಜುನಾಥ, ಮಾಲೂರು: ಓಲೆ ಬಿಡಿಸಿದ್ದು ನಿಮ್ಮ ಸಂಬಳ ಮೇಡಂ. ಪುಸ್ತಕಕ್ಕೆ ಯಾಕೆ ಹೆಸರು?

ಇಮ್ರಾನ್, ಕೋಲಾರ: ಲೈಬ್ರರಿಯಲ್ಲಿ ಇಂಥ ಪುಸ್ತಕ ತೆಗೆದು ನೋಡಿ. ಮೊದಲ ಎರಡು ಅಧ್ಯಾಯದ ತುಂಬ ಪೆನ್ಸಿಲ್ ಗೆರೆ. ಆಮೇಲೆ ಹಾಳೆಗಳು ಹೊಸದಾಗಿಯೇ ಇರುತ್ತವೆ. ಯಾರೂ ಮುಗಿಸಲ್ಲ. ಹೊಸ ಫ್ಯಾಷನ್, ಅಷ್ಟೇ.

ವೆಂಕಟೇಶ್ ಮೇಷ್ಟ್ರು, ಮುಳಬಾಗಿಲು: ಯಾವುದಪ್ಪ ಹೊಸ ಫ್ಯಾಷನ್? ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲೇ ‘ಸೆಲ್ಫ್ ಹೆಲ್ಪ್’ ಅನ್ನುವ ಹೆಸರಿನ ಪುಸ್ತಕ ತಂದಿದ್ದಾರೆ. ಅಷ್ಟು ದೂರ ಯಾಕೆ, ನಮ್ಮೂರಿನ ಡಿವಿಜಿ 1943ರಲ್ಲಿ ಕೊಟ್ಟ ಕಗ್ಗವೂ ಹೇಗೆ ಬದುಕಬೇಕು ಅಂತ ಹೇಳುವ ಪುಸ್ತಕವೇ.

ಮಂಜುನಾಥ, ಮಾಲೂರು: ಮೇಷ್ಟ್ರೇ, ಕಗ್ಗವನ್ನು ದಯವಿಟ್ಟು ಆ ಸಾಲಿಗೆ ಸೇರಿಸಬೇಡಿ! ದೇವರು ಅಂದರೆ ಕಗ್ಗತ್ತಲೆಯ ಗವಿಯಾ ಅಂತ ಕೇಳುವ ಧೈರ್ಯ ಅದರಲ್ಲಿದೆ. ವಿಕಸನದವರಿಗೆ ಅನುಮಾನವೇ ಬರಲ್ಲ. ಎಲ್ಲದಕ್ಕೂ ಉತ್ತರ ರೆಡಿ.

ವೆಂಕಟೇಶ್ ಮೇಷ್ಟ್ರು, ಮುಳಬಾಗಿಲು: ಬೆಟ್ಟದಡಿ ಹುಲ್ಲಾಗು, ಮನೆಗೆ ಮಲ್ಲಿಗೆಯಾಗು ಅನ್ನುವುದು ಅನುಮಾನನಾ? ನೇರ ಬುದ್ಧಿಮಾತು. ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ.

ಇಮ್ರಾನ್, ಕೋಲಾರ: ಬಾಯಿಪಾಠ ಮಾಡಿಸಿದ್ದಕ್ಕೇ ನಮ್ಮ ಬ್ಯಾಚಿನವರು ಕಗ್ಗ ಅಂದರೆ ಓಡುತ್ತಿದ್ದರು ಮೇಷ್ಟ್ರೇ.

ವೆಂಕಟೇಶ್ ಮೇಷ್ಟ್ರು, ಮುಳಬಾಗಿಲು: ನನ್ನ ಮಕ್ಕಳು ಓಡಲಿಲ್ಲ. ಇವತ್ತಿಗೂ ಸಿಕ್ಕಲ್ಲಿ ಹೇಳಿ ತೋರಿಸುತ್ತಾರೆ.

ಮಂಜುನಾಥ, ಮಾಲೂರು: 1970ರಲ್ಲಿ ಸನ್ಮಾನ ಮಾಡಿ ಕೊಟ್ಟ ದುಡ್ಡನ್ನು ಡಿವಿಜಿ ಪೂರ್ತಿ ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂಥವರನ್ನು ತಂದು ಕೋಟ್ಯಧಿಪತಿ ಆಗುವುದು ಹೇಗೆ ಅನ್ನುವವರ ಪಕ್ಕ ಕೂರಿಸುತ್ತೀರಲ್ಲ, ನಾಚಿಕೆ ಆಗಬೇಕು.

ವೆಂಕಟೇಶ್ ಮೇಷ್ಟ್ರು, ಮುಳಬಾಗಿಲು: ನಾಚಿಕೆ ಅನ್ನುವ ಮಾತು ವಾಪಸ್ ತಗೊಳ್ಳಿ. ನಾನು ಮಾತಾಡಿದ್ದು ಪುಸ್ತಕದ ಬಗ್ಗೆ. ಬರೆದವರ ದೊಡ್ಡತನ ನನಗೆ ನೀವು ಹೇಳಿಕೊಡಬೇಕಾಗಿಲ್ಲ, ಅವರ ಊರಲ್ಲೇ ಕೂತು ಪಾಠ ಮಾಡಿದವನು ನಾನು.

ಮಂಜುನಾಥ, ಮಾಲೂರು: ಒಂದೇ ಊರಲ್ಲಿ ಹುಟ್ಟಿದರೆ ಕಗ್ಗ ಅರ್ಥ ಆಗಿಬಿಡುತ್ತಾ?

ರೇಣುಕಾ, ಬಂಗಾರಪೇಟೆ: ಕಗ್ಗ ಬಿಡಿ. ಸಂಬಳ ಮೊದಲೂ ಬರುತ್ತಿತ್ತು ಮಂಜುನಾಥ್ ಸರ್. ಹಾಗಾದರೆ ಓಲೆ ಅಷ್ಟು ದಿನ ಸೇಟು ಅಂಗಡಿಯಲ್ಲೇ ಯಾಕಿತ್ತು? ಉತ್ತರ ಕೊಡಿ.

ಮಂಜುನಾಥ, ಮಾಲೂರು: ಇರಿ ಮೇಡಂ, ಮೊದಲು ಇದು ಇತ್ಯರ್ಥ ಆಗಲಿ. ಮೇಷ್ಟ್ರೇ, ದುಡ್ಡು ಮಾಡುವ ದಾರಿ ಹೇಳುವ ಒಂದೇ ಒಂದು ಪದ್ಯ ಕಗ್ಗದಲ್ಲಿ ತೋರಿಸಿ.