ಹೆಬ್ಬೆರಳಲ್ಲಿ ಒತ್ತಿದ್ರೆ ಒಳಗೋಗೋ ಕಾರು ಸೇಫಾ? ಬಾಡಿ ಇಂಜಿನಿಯರ್‌ನ ಕೇಳಿ

ಪ್ರಶ್ನೆ: ಸರ್ ನಮಸ್ಕಾರ, ತಿಪಟೂರಿಂದ. ಹೊಸ ಕಾರ್ ತಗೊಳೋ ಪ್ಲಾನಿದೆ, ಆದ್ರೆ ನಮ್ಮಪ್ಪ ಶೋರೂಮ್‌ಗೆ ಬಂದ್ರೆ ಮೊದ್ಲು ಬಾನೆಟ್ ಮೇಲೆ ಹೆಬ್ಬೆರಳು ಒತ್ತೋದು, "ಇದೇನೋ ಎಣ್ಣೆ ಡಬ್ಬ ಇದ್ದಂಗಿದೆ, ನಮ್ ಅಂಬಾಸಿಡರ್ ಮೇಲೆ ನಾಲ್ಕು ಜನ ಕೂತ್ಕೊಬೋದಿತ್ತು" ಅನ್ನೋದು. ನಮ್ ಭಾವ ನೋಡಿದ್ರೆ ಜರ್ಮನ್ ಇಂಜಿನಿಯರಿಂಗ್ ಇದ್ರೆ ಮಾತ್ರ ತಗೊ, ಬೇರೆದೆಲ್ಲ ವೇಸ್ಟ್ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಅಪ್ಪಂಗೂ ಭಾವಂಗೂ ಬೇಜಾರಾಗದಂಗೆ ಹೇಳ್ಬೇಕು, ಕಷ್ಟ ಇದೆ 😄

ಹೆಬ್ಬೆರಳಿಗೆ ಸಿಗೋದು ಹೊರಗಿನ ಚರ್ಮ ಅಷ್ಟೇ, ಮೂಳೆ ಒಳಗಿರತ್ತೆ. ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ), ಬಿ-ಪಿಲ್ಲರ್ (ಎರಡು ಬಾಗಿಲ ನಡುವಿನ ಕಂಬ), ಬಾಗಿಲ ಕೆಳಗಿನ ಸಿಲ್ಲು, ಇಂಜಿನ್ ಅಕ್ಕಪಕ್ಕ ಮುಂದಕ್ಕೆ ಚಾಚಿರೋ ಎರಡು ಉದ್ದ ಮೆಂಬರ್‌ಗಳು ಅಂದ್ರೆ ತೊಲೆಗಳು, ಜೀವ ಉಳಿಸೋದು ಇವು. ಬಾನೆಟ್ ಬೇಕಂತಲೇ ಮೆತ್ತಗೆ ಮಾಡಿರ್ತೀವಿ, ರಸ್ತೇಲಿ ನಡ್ಕೊಂಡು ಹೋಗೋರ ತಲೆ ಅದಕ್ಕೇ ಬಡಿಯೋದು. ಅಂಬಾಸಿಡರ್ 1950ರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು, ಅದನ್ನೇ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ಮಾಡಿದ್ರು. ತಗಡು ದಪ್ಪ, ಒಪ್ಪಿದೆ, ಆದ್ರೆ ಗುದ್ದಿದಾಗ ಎಲ್ಲಿ ಮುದುಡ್ಬೇಕು ಎಲ್ಲಿ ಮುದುಡಬಾರ್ದು ಅನ್ನೋ ಲೆಕ್ಕಾನೇ ಅದರಲ್ಲಿರ್ಲಿಲ್ಲ. ಗಾಡಿ ಮುದುಡ್ಲಿಲ್ಲ ಅಂದ್ರೆ ಆ ಹೊಡೆತ ಎಲ್ಲಿಗೆ ಹೋಗ್ಬೇಕು? ಒಳಗೆ ಕೂತಿರೋರ ಎದೆಗೆ.

ಇನ್ನು ಭಾವನ ಮಾತು. 2014ರ ಜನವರೀಲಿ ಗ್ಲೋಬಲ್ ಎನ್‌ಕ್ಯಾಪ್‌ನವರು (ಕಾರ್ ಗುದ್ದಿಸಿ ಐದಕ್ಕೆ ಇಷ್ಟು ಸ್ಟಾರ್ ಅಂತ ಕೊಡೋ ಸಂಸ್ಥೆ) ಇಲ್ಲಿ ಮಾರೋ ಐದು ಕಾರ್ ಗುದ್ದಿಸಿದ್ರು: ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್‌ಗಳು, ಐದಕ್ಕೂ ಸೊನ್ನೆ ಸ್ಟಾರ್, ಜರ್ಮನ್ ಕಂಪನಿಯ ಪೋಲೊಗೂ ಸೊನ್ನೆ! ಆದ್ರೆ ಫಿಗೊ, ಪೋಲೊ ಬಾಡಿ ಗಟ್ಟಿಯಾಗೇ ನಿಂತಿತ್ತು, ಉಳಿದ ಮೂರರದ್ದು ಕುಸಿದಿತ್ತು. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದ್ರೆ ನಾಲ್ಕು ಸ್ಟಾರ್. ಕುಸಿದ ಬಾಡಿಗೆ ಏರ್‌ಬ್ಯಾಗ್ ಹಾಕಿದ್ರೆ, ಗೋಡೆ ಬಿದ್ದ ಮನೆಗೆ ಬಾಗಿಲು ಇಟ್ಟಂಗೆ.

ಪ್ರಶ್ನೆ: ಅಂದ್ರೆ ಯಾವ ದೇಶದ ಪ್ಲಾಟ್‌ಫಾರ್ಮ್ (ಕಾರಿನ ಅಡಿಪಾಯದ ಡಿಸೈನು) ಅನ್ನೋದು ಲೆಕ್ಕಕ್ಕೇ ಇಲ್ವಾ ಸರ್?

ಉತ್ತರ: ಇದೆ, ಆದ್ರೆ ಜನ ಅಂದ್ಕೊಂಡಷ್ಟಿಲ್ಲ. ನ್ಯಾನೊಗೆ ಸೊನ್ನೆ ಬಂತಲ್ಲ, ಅದೇ ಕಂಪನಿಯ ನೆಕ್ಸಾನ್ 2018ರ ಡಿಸೆಂಬರಲ್ಲಿ ಐದು ಸ್ಟಾರ್ ತಗೊಂತು, ಭಾರತದಲ್ಲಿ ಮಾಡಿ ಇಲ್ಲೇ ಮಾರೋ ಕಾರಿಗೆ ಗ್ಲೋಬಲ್ ಎನ್‌ಕ್ಯಾಪ್ ಕೊಟ್ಟ ಮೊದಲ ಐದು ಸ್ಟಾರ್ ಅದೇ. ಎಕ್ಸ್‌ಯುವಿ300 ಬುಡ ಕೊರಿಯಾದ ಸಾಂಗ್‌ಯಾಂಗ್ ಟಿವೊಲಿ, ಅದಕ್ಕೂ 2020ರಲ್ಲಿ ಐದು. ಇನ್ನೂ ಮಜಾ ಏನಂದ್ರೆ ಸ್ವಿಫ್ಟ್‌ಗೆ 2018ರಲ್ಲಿ ಎರಡು ಸ್ಟಾರ್, ಅದೇ ಹಾರ್ಟೆಕ್ಟ್ ಪ್ಲಾಟ್‌ಫಾರ್ಮ್ ಹೆಸರಿನ ಡಿಸೈರ್‌ಗೆ 2024ರ ನವೆಂಬರಲ್ಲಿ ಐದು. ಪ್ಲಾಟ್‌ಫಾರ್ಮ್ ಅಂದ್ರೆ ಅಡುಗೆ ರೆಸಿಪಿ ತರ, ಯಾವ ಪಿಲ್ಲರ್‌ಗೆ ಯಾವ ಸ್ಟೀಲು, ಎಲ್ಲಿ ಇನ್ನೊಂದು ಪಟ್ಟಿ ಬೆಸುಗೆ, ಎಷ್ಟು ಏರ್‌ಬ್ಯಾಗು, ಇದನ್ನೆಲ್ಲ ಆಯಾ ದೇಶದ ಮಾರ್ಕೆಟ್ ಮತ್ತೆ ರೇಟ್ ನೋಡಿ ತೀರ್ಮಾನ ಮಾಡ್ತಾರೆ. ತುಪ್ಪ ಹಾಕ್ಬೇಕಾದ ಕಡೆ ಡಾಲ್ಡಾ ಹಾಕಿದ್ರೆ ರೆಸಿಪಿ ಎಲ್ಲೀದಾದ್ರೇನು. ಅಂದಹಾಗೆ ಫಾರಿನ್ ಕಂಪನಿಗಳ ಎಷ್ಟೋ ಕಾರಿನ ಕ್ರ್ಯಾಶ್ ಸಿಮುಲೇಷನ್ (ಕಂಪ್ಯೂಟರಲ್ಲೇ ಗುದ್ದಿಸಿ ನೋಡೋದು) ನಡೆಯೋದು ನಮ್ ಬೆಂಗಳೂರಲ್ಲೇ, ಭಾವಂಗೆ ಇದನ್ನೂ ಹೇಳಿ.

ಪ್ರಶ್ನೆ: ಬಾಡಿ "ಅನ್‌ಸ್ಟೇಬಲ್", ಅಂದ್ರೆ ಇನ್ನು ಹೊಡೆತ ತಡೆಯಲ್ಲ ಅಂತ ರಿಪೋರ್ಟಲ್ಲಿ ಬರೀತಾರಲ್ಲ, ಹೆಂಗೆ ಗೊತ್ತಾಗತ್ತೆ? ಸರ್ಕಾರದ ಟೆಸ್ಟ್ ಪಾಸಾಗೇ ತಾನೆ ಮಾರೋದು?

ಉತ್ತರ: ಸರ್ಕಾರದ ಟೆಸ್ಟಲ್ಲಿ ಕಾರಿನ ಮುಂಭಾಗ ಗುದ್ದಿಸೋದು ಗಂಟೆಗೆ 56 ಕಿ.ಮೀ. ಸ್ಪೀಡಲ್ಲಿ, ಎನ್‌ಕ್ಯಾಪ್‌ದು 64. ಎಂಟೇ ಕಿಲೋಮೀಟರ್ ಅನ್ಸತ್ತೆ, ಆದ್ರೆ ಗುದ್ದೋ ಶಕ್ತಿ ಸುಮಾರು 30% ಜಾಸ್ತಿ. 64ರಲ್ಲಿ ಗುದ್ದೋದು ಅಂದ್ರೆ ಐದನೇ ಮಹಡಿಯಿಂದ ಕಾರನ್ನ ಮೂತಿ ಕೆಳಗೆ ಮಾಡಿ ಬೀಳಿಸ್ದಂಗೆ, 16 ಮೀಟರ್ ಎತ್ತರ. ಅದೂ ಮುಂಭಾಗದ 40% ಮಾತ್ರ ತಾಗೋ ಹಂಗೆ ಡ್ರೈವರ್ ಕಡೆಗೆ ಹೊಡೆಸ್ತಾರೆ, ಯಾಕಂದ್ರೆ ಎದುರು ಬರೋ ಗಾಡಿ ನಿಮಗೆ ಗುದ್ದೋದು ಹಂಗೇ.

ಆಮೇಲೆ ನಾವು ಮೊದ್ಲು ನೋಡೋದು ಬಾಗಿಲು ಮತ್ತೆ ಎ-ಪಿಲ್ಲರ್. ಬಾಗಿಲ ಚೌಕಟ್ಟು ಹಂಗೇ ಇದ್ಯಾ, ಕೈಯಲ್ಲೇ ತೆಗೆಯೋಕೆ ಬರತ್ತಾ, ಪಿಲ್ಲರ್ ಬುಡದಲ್ಲಿ ಮಡಿಕೆ ಬಿದ್ದಿದ್ಯಾ, ಕಾಲಿಡೋ ಜಾಗದ ಸ್ಪಾಟ್ ವೆಲ್ಡ್ (ತಗಡು ಜೋಡಿಸೋ ಚುಕ್ಕಿ ಬೆಸುಗೆ) ಬಿಟ್ಕೊಂಡಿದ್ಯಾ. ಡಮ್ಮಿ (ಮನುಷ್ಯರ ಬದಲು ಕೂರಿಸೋ ಗೊಂಬೆ) ಮುಖಕ್ಕೆ ಬಣ್ಣ ಬಳಿದಿರ್ತಾರೆ, ಏರ್‌ಬ್ಯಾಗ್ ಮೇಲೆ ಆ ಬಣ್ಣ ನಡುಮಧ್ಯ ಇದ್ರೆ ಸರಿ, ಪಕ್ಕಕ್ಕೆ ಜಾರಿ ಡ್ಯಾಶ್‌ಬೋರ್ಡ್ ಮೇಲೂ ಮೆತ್ಕೊಂಡಿದ್ರೆ ತಲೆ ಅಲ್ಲಿಗೆ ಬಡಿದಿದೆ ಅಂತ. ಮೊದಲ ಸಲ ಅದನ್ನ ನೋಡಿದ ದಿನ ನಂಗೆ ಊಟ ಸೇರ್ಲಿಲ್ಲ.

ಪ್ರಶ್ನೆ: ನಮ್ ಬೆಂಗಳೂರಿನ ರೇವಾ ಹೆಂಗಿತ್ತು ಸರ್? ಕಾಲೇಜ್ ದಿನದಲ್ಲಿ ಒಂದ್ಸಲ ಓಡ್ಸಿದ್ದೆ.

ಉತ್ತರ: ನಂಗೆ ಇಷ್ಟದ ಗಾಡಿ ಮೇಡಂ, ಬ್ಯಾಟರಿ ಕಾರ್ ಅಂದ್ರೆ ಜನ ನಗ್ತಿದ್ದ ಕಾಲಕ್ಕೆ, 2001ರಲ್ಲೇ ಮಾರ್ಕೆಟ್‌ಗೆ ತಂದ್ರು. ಆದ್ರೆ ಲಂಡನ್ನಲ್ಲಿ ಜಿ-ವಿಜ್ ಅಂತ ಮಾರಿದಾಗ ಅಲ್ಲಿನ ಕಾನೂನಲ್ಲಿ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್ (ನಾಲ್ಕು ಚಕ್ರದ ಹಗುರ ಗಾಡಿ), ಅದಕ್ಕೆ ಕಾರಿನ ಕ್ರ್ಯಾಶ್ ಟೆಸ್ಟ್ ರೂಲ್ಸೇ ಅನ್ವಯ ಆಗ್ತಿರ್ಲಿಲ್ಲ. 2007ರಲ್ಲಿ ಅಲ್ಲೊಂದು ಪತ್ರಿಕೆ ದುಡ್ಡು ಕೊಟ್ಟು ಗುದ್ದಿಸಿ ನೋಡ್ತು, ಫಲಿತಾಂಶ ಭಯಾನಕ. ಸಿಟಿ ಒಳಗೆ ಮೆಲ್ಲಗೆ ಓಡಾಡೋಕೆ ಮಾಡಿದ್ದು ಅದು, ಬಿಡಿ.

ಪ್ರಶ್ನೆ: ಬಂಪರ್ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸ್ಲಾ?

ಉತ್ತರ: ಬೇಡ. 2017ರಲ್ಲೇ ಬ್ಯಾನ್ ಆಗಿದೆ. ಆ ಕಬ್ಬಿಣ ನೇರವಾಗಿ ಚಾಸಿಗೆ ಹೊಡೆತ ಸಾಗಿಸತ್ತೆ, ಮುದುಡೋ ಜಾಗ ಮುದುಡಲ್ಲ, ಏರ್‌ಬ್ಯಾಗ್ ಬಿಚ್ಕೊಳೋ ಟೈಮಿಂಗೂ ಕೆಡತ್ತೆ.

ಪ್ರಶ್ನೆ: ಸರ್ ಮತ್ತೆ ನಾನೇ, ತಿಪಟೂರು. ಬಜೆಟ್ ಕಮ್ಮಿ ಬಿತ್ತು, ಸೆಕೆಂಡ್ ಹ್ಯಾಂಡ್ ನೋಡೋಣ ಅಂತಿದಾರೆ ಮನೇಲಿ.

ಉತ್ತರ: ಹಂಗಾದ್ರೆ 2019ರ ಅಕ್ಟೋಬರ್ ನಂತರ ತಯಾರಾಗಿರೋದನ್ನ ನೋಡಿ. ಕ್ರ್ಯಾಶ್ ಟೆಸ್ಟ್ ರೂಲು ಹಳೆ ಮಾಡೆಲ್‌ಗಳಿಗೂ ಕಡ್ಡಾಯ ಆಗಿದ್ದು ಆವಾಗ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈಯಿಂದ. ರಿಜಿಸ್ಟ್ರೇಷನ್ ಡೇಟ್ ನಂಬ್ಬೇಡಿ, ಆರ್‌ಸಿಲಿ ತಯಾರಾದ ತಿಂಗಳು ಬೇರೆ ಇರತ್ತೆ. ಸ್ಟಾರ್ ರೇಟಿಂಗ್ ಯಾವ ವೇರಿಯಂಟ್‌ಗೆ ಬಂದಿದ್ದು ಅಂತ ನೋಡಿ, ಆರು ಏರ್‌ಬ್ಯಾಗಿನ ಗಾಡಿಗೆ ಬಂದ ಸ್ಟಾರ್ ಎರಡು ಏರ್‌ಬ್ಯಾಗಿನ ಗಾಡಿಗೆ ಲೆಕ್ಕ ಇಲ್ಲ. ಮುಂದೆ ಗುದ್ದಿ ರಿಪೇರಿ ಆಗಿದ್ಯಾ ಅಂತ ಬಾನೆಟ್ ಎತ್ತಿ ಆ ಉದ್ದ ಮೆಂಬರ್‌ಗಳನ್ನ ಟಾರ್ಚ್ ಹಿಡಿದು ನೋಡಿ, ಫ್ಯಾಕ್ಟರಿ ಸ್ಪಾಟ್ ವೆಲ್ಡ್ ಸಾಲಾಗಿ ರೌಂಡಾಗಿರತ್ತೆ, ಗ್ಯಾರೇಜ್ ಬೆಸುಗೆ ಗೊತ್ತಾಗ್ಬಿಡತ್ತೆ. ಆಮೇಲೆ ಅಪ್ಪನ್ನ ಕರ್ಕೊಂಡೋಗಿ, ಸುತ್ತ ಬಾಡಿ ತಟ್ಟಿ ನೋಡೋಕ್ ಹೇಳಿ. ಪುಟ್ಟಿ ಮೆತ್ತಿರೋ ಕಡೆ ಸೌಂಡ್ ಬೇರೆ ಬರತ್ತೆ, ಅದನ್ನ ಹಿಡಿಯೋದ್ರಲ್ಲಿ ಅವರ ಕೈ ನನ್ನ ಕೈಗಿಂತ ಚುರುಕಾಗಿರತ್ತೆ.