‘ಚಿಪ್ ಸೀಲ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ನಾನಿರುವುದು ಅಮೆರಿಕದ ಮಿನ್ನೆಸೋಟಾದ ಹಳ್ಳಿಗಾಡಿನಲ್ಲಿ. ಇಲ್ಲಿನ ಎಷ್ಟೋ ಹಳ್ಳಿ ರಸ್ತೆಗಳು ಕೌಂಟಿಯ (ನಮ್ಮ ಜಿಲ್ಲಾಡಳಿತದ ಥರದ್ದು) ಸುಪರ್ದಿಯಲ್ಲಿವೆ. ಬೇಸಿಗೆ ಬಂದರೆ ‘ಚಿಪ್ ಸೀಲ್’ ಶುರು, ಅಂದರೆ ಇರುವ ಟಾರು ರಸ್ತೆಯ ಮೇಲೆ ತೆಳ್ಳಗೆ ಟಾರು ಸಿಂಪಡಿಸಿ ಸಣ್ಣ ಜಲ್ಲಿ ಕೂರಿಸುವ ಕೆಲಸ. ಕಳೆದ ಜುಲೈನಲ್ಲಿ ನಮ್ಮ ಮನೆ ಮುಂದೆಯೇ ಹಾಕಿದರು. ಊರಿಂದ ಬಂದಿದ್ದ ಅಮ್ಮ ಕಿಟಕಿಯಿಂದ ನೋಡಿ, “ಚೆನ್ನಾಗಿರೋ ರಸ್ತೆ ಮೇಲೆ ಯಾಕೋ ಜಲ್ಲಿ ಸುರೀತಿದಾರೆ?” ಅಂದರು. ಒಂದೇ ಮಾತಲ್ಲಿ ಹೇಳೋಣವೆಂದರೆ ನನ್ನ ಹತ್ತಿರ ಪದವೇ ಇರಲಿಲ್ಲ.

ಕೆಲಸ ಹೀಗೆ. ಮುಂದೆ ಹೋಗುವ ಲಾರಿ ನೀರು ಬೆರೆತ ಟಾರನ್ನು ರಸ್ತೆಗೆ ಸಿಂಪಡಿಸುತ್ತದೆ. ಆಗ ಅದರ ಬಣ್ಣ ಕಪ್ಪಲ್ಲ, ಚಾಕೊಲೇಟು. ಹಿಂದೆಯೇ ಬರುವ ಯಂತ್ರ ಸಣ್ಣ ಜಲ್ಲಿ ಉದುರಿಸುತ್ತದೆ, ಹೆಚ್ಚೆಂದರೆ ಸುಮಾರು 10 ಮಿ.ಮೀ. ಗಾತ್ರದ್ದು. ಆಮೇಲೆ ರಬ್ಬರ್ ಗಾಲಿಯ ರೋಲರ್. ಅಷ್ಟರಲ್ಲಿ ಟಾರು ‘ಒಡೆದು’ ನೀರು ಬೇರೆಯಾಗಿ, ಕಪ್ಪಗಾಗಿ ಜಲ್ಲಿಯನ್ನು ಹಿಡಿದುಕೊಳ್ಳುತ್ತದೆ. ಇಲ್ಲಿನ ಎಂಜಿನಿಯರುಗಳು ಇಂಗ್ಲಿಷಿನಲ್ಲೂ ‘ಬ್ರೇಕ್’ ಅಂತಲೇ ಅನ್ನುತ್ತಾರೆ. ಹಾಲು ಒಡೆಯುತ್ತದಲ್ಲ, ಥೇಟ್ ಹಾಗೆ! ಈ ಒಂದಕ್ಕೆ ಪದ ಹುಡುಕುವ ಕಷ್ಟವಿಲ್ಲ. ಕೊನೆಗೆ ಅಂಟದೆ ಉಳಿದ ಜಲ್ಲಿಯನ್ನು ಗುಡಿಸುತ್ತಾರೆ. ಅದಕ್ಕೆ ಮೊದಲೇ ಜೋರಾಗಿ ಹೋದವರ ಕಾರಿನ ಗಾಜಿಗೆ ಪೆಟ್ಟು. ನನ್ನದಕ್ಕೂ ಬಿದ್ದಿದೆ.

ಇದರಿಂದ ರಸ್ತೆಗೆ ಹೊಸ ಬಲವೇನೂ ಬರುವುದಿಲ್ಲ. ಕೂದಲೆಳೆಯಂಥ ಬಿರುಕುಗಳೊಳಗೆ ನೀರಿಳಿಯುವುದು ತಪ್ಪುತ್ತದೆ, ಗಾಲಿಗೆ ಹಿಡಿತ ಸಿಗುತ್ತದೆ. ಕೆಲವು ವರ್ಷಕ್ಕೊಮ್ಮೆ, ರಸ್ತೆ ಹಾಳಾಗುವ ಮೊದಲೇ ಮಾಡಬೇಕು. ಹಾಗಾಗಿ ‘ಡಾಂಬರೀಕರಣ’ ಒಪ್ಪುವುದಿಲ್ಲ. ಅದು ರಸ್ತೆಗೆ ಹೊಸದಾಗಿ ಟಾರು ಹಾಕಿದಾಗ ಹೇಳುವ ಮಾತು, ಅಲ್ವಾ? ‘ತೇಪೆ’ಯೂ ಅಲ್ಲ. ಗುಂಡಿಗಳಿಗೆ ತೇಪೆ ಹಾಕಿ ಮುಗಿಸಿದ ಮೇಲೆಯೇ ಇದು.

ಇಂಗ್ಲಿಷಿನವರಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನಲ್ಲಿ ಇದು ‘ಸರ್ಫೇಸ್ ಡ್ರೆಸಿಂಗ್’, ನಮ್ಮ ಭಾರತದ ಎಂಜಿನಿಯರುಗಳಿಗೂ ಅದೇ. ಆಸ್ಟ್ರೇಲಿಯಾದಲ್ಲಿ ‘ಸ್ಪ್ರೇಡ್ ಸೀಲ್’. ಟೆಕ್ಸಾಸಿನಲ್ಲಿ ‘ಸೀಲ್ ಕೋಟ್’. ‘ಚಿಪ್’ (ಕಲ್ಲಿನ ಚೂರು) ಅನ್ನುವವರ ಕಣ್ಣು ಕಲ್ಲಿನ ಮೇಲೆ, ‘ಸ್ಪ್ರೇಡ್’ ಅನ್ನುವವರದು ಸಿಂಪಡಿಸುವುದರ ಮೇಲೆ.

ನನಗೆ ಹೊಳೆದದ್ದು ‘ಸಾರಣೆ’. ಮಣ್ಣಿನ ನೆಲಕ್ಕೆ ಸಗಣಿ ಸಾರಿಸಿದರೆ ಹೊಸ ನೆಲ ಹಾಕಿದಂತಲ್ಲ. ಬಿರುಕು ಮುಚ್ಚುತ್ತದೆ, ಧೂಳು ಏಳುವುದಿಲ್ಲ, ಸ್ವಲ್ಪ ದಿನ ಬಿಟ್ಟು ಮತ್ತೆ ಸಾರಿಸುತ್ತೇವೆ. ಕೆಲಸದ ಗುಣ ಅದೇ. ‘ಜಲ್ಲಿ ಸಾರಣೆ’ ಅನ್ನಬಹುದಾ? ಅಮ್ಮನಿಗೆ ಹೇಳಿ ನೋಡಿದೆ. “ಸಾರಿಸಿದ್ರೆ ನುಣ್ಣಗಾಗ್ಬೇಕು. ಇದು ಕಾಲಿಗೆ ಚುಚ್ಚುತ್ತಲ್ಲೋ” ಅಂದರು. ಮಾತು ಸರಿಯೇ. ಆದರೂ ಆ ಪದ ಬಿಡಲು ನನಗೆ ಮನಸ್ಸಿಲ್ಲ.

ಇನ್ನೊಂದು ತೊಡಕು: ಜಲ್ಲಿಗೆ ಉತ್ತರ ಕರ್ನಾಟಕದಲ್ಲಿ ‘ಖಡಿ’ ಅನ್ನುತ್ತಾರೆ. ನಮ್ಮ ಕಡೆ ಈ ಸಣ್ಣ ಗಾತ್ರದ್ದು ‘ಬೇಬಿ ಜಲ್ಲಿ’. ರಸ್ತೆ ಕೆಲಸದವರು, ಮೇಸ್ತ್ರಿಗಳು ತಮ್ಮತಮ್ಮಲ್ಲಿ ಈ ಕೆಲಸಕ್ಕೆ ಏನನ್ನುತ್ತಾರೆ? ಬೀದರ್, ಕಲಬುರಗಿ, ಕರಾವಳಿ ಕಡೆಯವರು ಯಾರಾದರೂ ಕೇಳಿದ್ದರೆ ತಿಳಿಸಿ. ಪುಸ್ತಕದ ಪದಕ್ಕಿಂತ ಬಾಯಲ್ಲಿ ಓಡಾಡುವ ಪದ ಸಿಕ್ಕರೆ ಜಾಸ್ತಿ ಖುಷಿ.